ಮರಿಯಮ್ಮನವರಿಗೆ ಬಟ್ಟೆ ಉಡಿಸುವವಳು

ಅಬಾಂಕಾಯ್ ಕಡೆಯ ಬೆಟ್ಟದೂರುಗಳ ಪ್ರತಿ ಇಗರ್ಜಿಯಲ್ಲೂ ಮರಿಯಮ್ಮನವರ ವಿಗ್ರಹಕ್ಕೆ ಬಟ್ಟೆ ಉಡಿಸಲು ಒಬ್ಬ ಹೆಂಗಸಿರುತ್ತಾಳೆ. ಅವಳ ಮನೆಯಲ್ಲಿ ಮುನಿಸಿಕೊಂಡ ಒಬ್ಬ ಮಗಳೂ ಇರುತ್ತಾಳೆ. ಹದಿನೈದರ ಮಾರ್ಸೆಲಿನಾಳ ತಾಯಿ ಫೆಲಿಸಿತಾಸ್ ಅಂಥವಳು. ಬೆಳಗಾಗುತ್ತಲೇ ಹಾಸಿಗೆ ಹಿಡಿದ ಮೂವರು ಮುದುಕಿಯರಿಗೆ ಕ್ವಿನೋವಾ ಗಂಜಿ ಕುಡಿಸಿ ಬರುತ್ತಾಳೆ. ಮನೆಯವರಿಗೆ ಉಳಿಯುವುದು ತಳ ಹಿಡಿದದ್ದು. "ಅಮ್ಮಾ, ನನ್ನ ಲಂಗದ ಅಂಚು ಬಿಚ್ಚಿಹೋಗಿದೆ" ಎಂದರೆ, "ತಾಳು ಮಗಾ, ಮರಿಯಮ್ಮನವರ ಮೇಲುವಸ್ತ್ರದ ಕಸೂತಿ ಮುಗೀಲಿ" ಎನ್ನುತ್ತಾಳೆ. ಆ ಲಂಗ ಈಸ್ಟರ್ ಹಬ್ಬದಿಂದಲೂ ತಾಳುತ್ತಲೇ ಇದೆ. ಶನಿವಾರ ಗಂಡಸರನ್ನೆಲ್ಲ ಹೊರಗೆ ಕಳಿಸಿ ಇಗರ್ಜಿಯ ಬಾಗಿಲು ಮುಂದೆ ಮಾಡಿಕೊಂಡು, ವಿಗ್ರಹಕ್ಕೆ ಚಳಿಯಾದೀತೆಂದು ಮೊದಲು ತನ್ನ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಾಳೆ. ಗುಂಡುಸೂಜಿ ಮರದ ಭುಜಕ್ಕೆ ತಾಗಿದರೆ, "ನೋವಾಯ್ತೇನಮ್ಮಾ?" ಎಂದು ಕೇಳುತ್ತಾಳೆ. ಬಾಗಿಲ ಸಂದಿಯಿಂದ ನೋಡುವ ಮಾರ್ಸೆಲಿನಾಗೆ ಹೊಟ್ಟೆ ಉರಿಯುತ್ತದೆ. ಹಾಗೆ ಉರಿದದ್ದಕ್ಕೆ ಅದೇ ಮರಿಯಮ್ಮನವರ ಹತ್ತಿರ ಕ್ಷಮೆಯನ್ನೂ ಕೇಳುತ್ತಾಳೆ. ಮೊನ್ನೆ ತಾಯಿ ಮೊದಲ ಸಲ ಅವಳನ್ನು ಸಹಾಯಕ್ಕೆಂದು ಒಳಗೆ ಕರೆದಳು. ವಿಗ್ರಹದ ಉದ್ದನೆಯ ಕೂದಲನ್ನು ಎಳೆ ಎಳೆ ಬಿಡಿಸಿ ಬಾಚುತ್ತಿದ್ದುದನ್ನು ಕಂಡು ಮಾರ್ಸೆಲಿನಾ ತಡೆಯಲಾರದೆ, "ನನ್ನ ತಲೆ ಬಾಚೋಕೆ ನಿಂಗೆ ಪುರುಸೊತ್ತಿಲ್ಲ, ಇವರ ತಲೆಗೆ ಮಾತ್ರ ಒಂದು ಗಂಟೆ" ಎಂದಳು. ಫೆಲಿಸಿತಾಸ್ ಬಾಚಣಿಗೆ ನಿಲ್ಲಿಸಲಿಲ್ಲ. "ಇದು ನಿಂದೇ ಕೂದಲು ಕಣೇ. ಐದು ವರ್ಷದವಳಿದ್ದಾಗ ಜ್ವರದಲ್ಲಿ ಹೋಗೇಬಿಡ್ತಿದ್ದೆ. ಮಗು ಉಳಿಸಿಕೊಡಿ ಅಂತ ಬೇಡ್ಕೊಂಡು ಕತ್ತರಿಸಿ ಕೊಟ್ಟಿದ್ದು." ಮಾರ್ಸೆಲಿನಾ ತಾಯಿಯ ಕೈಯನ್ನೇ ನೋಡುತ್ತ ನಿಂತಳು. ಈಗ ಅವಳಿಗೆ, ಶನಿವಾರ ಶನಿವಾರ ಅಮ್ಮನ ಕೈಯಿಂದ ತಲೆ ಬಾಚಿಸಿಕೊಳ್ಳುವ ಆ ಐದು ವರ್ಷದ ಹುಡುಗಿಯನ್ನು ನೆನೆದರೆ ಹೊಟ್ಟೆಕಿಚ್ಚು.