ಸೆಲ್ವಿ ಮನೆಯ ಕೊಡ

ಆಗ ಭದ್ರಾವತಿಯಲ್ಲಿ ಕಾರ್ಖಾನೆಯ ಸೈರನ್ ಕೂಗಿದರೆ ಬೆಳಗಾಯಿತೆಂದು ಲೆಕ್ಕ. ಒಗೆದು ಹರವಿದ ಬಟ್ಟೆಯ ಮೇಲೂ ತಟ್ಟೆಯ ಉಪ್ಪಿಟ್ಟಿನ ಮೇಲೂ ಹೊಗೆಯ ಕರಿ ಕೂರುತ್ತಿದ್ದ ಕಾಲ. ನಮ್ಮ ಸಾಲುಮನೆಗಳಿಗೆಲ್ಲ ಸೇರಿ ಒಂದೇ ನಲ್ಲಿ. ಬೇಸಿಗೆಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು. ಆ ನಲ್ಲಿಯ ಮುಂದೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಯಲು ಕಲಿತ ನಾನು ಶಾಲೆಯಲ್ಲಿ ಮಾತ್ರ ದಡ್ಡಿ.

ಜಗಳ ಎಷ್ಟೇ ಇರಲಿ, ಒಂದು ನೇಮವನ್ನು ಯಾರೂ ಮುರಿಯುತ್ತಿರಲಿಲ್ಲ. ಸಾಲಿನಲ್ಲಿ ಕೊಡವಿಟ್ಟವರು ಬರದಿದ್ದರೆ, ಹಿಂದಿನವರು ಮೊದಲು ಆ ಕೊಡ ತುಂಬಿಸಿ, ಆಮೇಲೆ ತಮ್ಮದನ್ನು ಹಿಡಿಯಬೇಕು.

ನನಗೆ ಹತ್ತು ವರ್ಷವಿದ್ದ ಬೇಸಿಗೆಯಲ್ಲಿ ಪಕ್ಕದ ಮನೆಯ ಸೆಲ್ವಿಯ ತಾಯಿಗೆ ಸಿಡುಬು ಎದ್ದಿತು. ಸೆಲ್ವಿ ತಮಿಳರ ಹುಡುಗಿ, ಕುಂಟೆಬಿಲ್ಲೆಯಲ್ಲಿ ನನ್ನ ಜೊತೆಗಾತಿ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ ದಿನದಿಂದ ಆ ಮನೆಯ ತಾಯಿ ಮಗಳು ಹೊರಗೆ ಬರುವಂತಿರಲಿಲ್ಲ. ಅವಳ ಅಪ್ಪ ಮೊದಲ ಪಾಳಿಗೆ ಹೋಗುವಾಗ ಸಿಲ್ವರ್ ಕೊಡವನ್ನು ಸಾಲಿನ ಕೊನೆಗಿಟ್ಟು ಹೋಗುತ್ತಿದ್ದರು. ಹಿಂದೆ ಬಂದವರು ತುಂಬಿಸಿ ಅವರ ಹೊಸ್ತಿಲಿಗೆ ಇಟ್ಟುಬರುತ್ತಿದ್ದರು.

ಒಂದು ದಿನ ನಾನು ಏಳುವುದು ತಡವಾಯಿತು. ಆ ಕೊಡದ ಹಿಂದೆ ನನ್ನದೊಂದೇ. ಉಳಿದವರೆಲ್ಲ ತುಂಬಿಸಿಕೊಂಡು ಹೋದ ಮೇಲೆ ನೀರು ದಾರದಷ್ಟು ಸಣ್ಣಗಾಯಿತು. ಒಂದು ಕೊಡಕ್ಕೆ ಸಾಲಬಹುದು, ಎರಡಕ್ಕೆ ಇಲ್ಲ. ಸೆಲ್ವಿ ಮನೆಯ ಕೊಡ ಮುಟ್ಟಿದರೆ ನನ್ನ ಮುಖದ ಮೇಲೂ ಗುಳ್ಳೆ ಏಳುತ್ತದೆಂದು ಹೆದರಿದೆ. ತಲೆಯೆತ್ತಿದರೆ ಕಿಟಕಿಯ ಸರಳಿನ ಹಿಂದೆ ಸೆಲ್ವಿ. ಕೂಗಲಿಲ್ಲ, ಕೈ ಬೀಸಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಅವರ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ನಮ್ಮದನ್ನು ಹಿಡಿದೆ. ಅದು ತುಂಬುವ ಹೊತ್ತಿಗೆ ನಲ್ಲಿ ನಿಂತಿತು.

“ಸೆಲ್ವಿ ಮನೆಗೆ ನೀರಿಟ್ಟು ಬಂದ್ಯೇನೆ?” ಒಲೆಯ ಮುಂದಿನಿಂದ ಅಮ್ಮ ಕೇಳಿದಳು.

“ಹೂಂ, ಇಟ್ಟೆ.”

“ಹೆದರಿಕೆ ಆಗ್ಲಿಲ್ವಾ?”

“ಇಲ್ಲಪ್ಪ.”

“ಜಾಣೆ ಕಣೇ ನೀನು.”

ಮಧ್ಯಾಹ್ನ ಅಮ್ಮ ನನ್ನ ಪ್ರೀತಿಯ ಮಾವಿನಕಾಯಿ ಚಿತ್ರಾನ್ನ ಬಡಿಸಿದಳು. ಗೋಡೆಯಾಚೆಯಿಂದ ಸೆಲ್ವಿಯ ತಾಯಿ ನರಳುವುದು ಕೇಳಿಸುತ್ತಿತ್ತು, “ತಣ್ಣೀ, ತಣ್ಣೀ.” ತಮಿಳರು ನೀರಿಗೆ ಹಾಗೆನ್ನುತ್ತಾರೆಂದು ನಮ್ಮ ಸಾಲಿನಲ್ಲಿ ಗೊತ್ತಿಲ್ಲದವರಿಲ್ಲ.

“ಪಾಪ, ಹುಡುಗಿ ಕುಡಿಸ್ತಿರ್ತಾಳೆ ಬಿಡು” ಎಂದಳು ಅಮ್ಮ.

ಮತ್ತೆ ಅದೇ ದನಿ. ಇನ್ನೊಮ್ಮೆ. ಸಂಜೆಯ ನೀರಿಗೆ ಇನ್ನೂ ನಾಲ್ಕು ಗಂಟೆಯಿತ್ತು. ಕಿವಿ ಮುಚ್ಚಿಕೊಂಡರೂ ಕೇಳಿಸಿತು.

“ಅಮ್ಮಾ, ನಾನು ಇಡ್ಲಿಲ್ಲ.”

ಅಮ್ಮ ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರಾಗುತ್ತಿದ್ದೆ. ನಮ್ಮ ಹಿತ್ತಾಳೆ ಕೊಡದಲ್ಲಿ ಅರ್ಧ ನೀರು ಉಳಿದಿತ್ತು. ಅದನ್ನು ತಂದು ನನ್ನ ಸೊಂಟಕ್ಕಿಟ್ಟಳು.

“ನೀನೇ ಕೊಡ್ಬೇಕು ಮಾರಾಯ್ತಿ. ನಾನು ಬರಲ್ಲ.”

ಸೆಲ್ವಿ ಬಾಗಿಲು ತೆರೆದಳು. ಅವಳ ತುಟಿ ಒಣಗಿ ಬಿರಿದಿತ್ತು. ಕೊಡ ಇಸಿದುಕೊಂಡು ಒಳಗೋಡಿದಳು; ಲೋಟದ ಸದ್ದು, ಆಮೇಲೆ ತಾಯಿ ಗಟಗಟನೆ ಕುಡಿಯುವ ಸದ್ದು. ಬೈಗುಳ ಬರುತ್ತದೆಂದು ಕಾಯುತ್ತ ನಿಂತೆ. ಸೆಲ್ವಿ ತಾನಿನ್ನೂ ಒಂದು ಗುಟುಕೂ ಕುಡಿಯದೆ ವಾಪಸ್ಸು ಬಂದು ಹೊಸ್ತಿಲ ಒಳಗೇ ನಿಂತಳು.

“ಇದು ನಿಮ್ಮನೆ ಕೊಡ ಅಲ್ವಾ? ಸಂಜೆ ತನಕ ನಿಮ್ಗೆ ಕುಡಿಯೋಕೆ ಇದ್ಯಾ?”

ನಾನು ಮನೆಗೆ ಓಡಿಬಂದು ಅತ್ತೆ.

ಸೆಲ್ವಿಯ ತಾಯಿ ಬದುಕಿದರು. ಮರುವರ್ಷ ಅವರು ಊರು ಬಿಟ್ಟುಹೋದರು. ನಾನೀಗ ಶಿವಮೊಗ್ಗದಲ್ಲಿದ್ದೇನೆ, ಮನೆಯ ಮೇಲೆ ದೊಡ್ಡ ಟ್ಯಾಂಕಿದೆ. ಪಕ್ಕದ ಮನೆಯವರ ಹೆಸರು ಗೊತ್ತಾಗಿದ್ದು ಅವರ ಗೇಟಿನ ಬೋರ್ಡಿನಿಂದ. ನಿಮಗೆ ಇದೆಯಾ ಎಂದು ಸೆಲ್ವಿಯ ನಂತರ ನನ್ನನ್ನು ಯಾರೂ ಕೇಳಿಲ್ಲ. ನಾಚಿಕೆಯ ಮಾತು, ನಾನೂ ಯಾರನ್ನೂ ಕೇಳಿಲ್ಲ.