ಗೋಲ್‌ಕೀಪರ್ ಯಾರ ಮಗ?

ವೃತ್ತಿಪರ ಹಾಕಿಗೆ ಹೊಸ ಅಭಿಮಾನಿಗಳನ್ನು ಹುಟ್ಟಿಸುವುದು ಹೇಗೆ ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳದಿದ್ದರೂ ಉಪದೇಶ ಮಾಡುವುದು ನನ್ನ ಹುಟ್ಟುಗುಣ. ನನ್ನ ತವರು ಪಿರಿಯಾಪಟ್ಟಣ. ಕೊಡಗು ಪಕ್ಕದಲ್ಲೇ ಇದ್ದದ್ದರಿಂದ ಅಪ್ಪನ ಸ್ಕೂಟರ್ ಹತ್ತಿ ಹೋಗಿ ಹಾಕಿ ನೋಡುತ್ತಲೇ ಬೆಳೆದೆ. ಮದುವೆಯಾಗಿ ಬಂದದ್ದು ಮಿರ್ಲೆಗೆ. ಇಲ್ಲಿ ಗಂಡನಿಗೆ ಕ್ರಿಕೆಟ್ಟು, ಅತ್ತೆಗೆ ಧಾರಾವಾಹಿ. ಹಾಕಿ ಲೀಗ್ ಬಂದಾಗಲೆಲ್ಲ ನಾನು ಮೊಬೈಲಿನಲ್ಲಿ ಒಬ್ಬಳೇ ನೋಡಿ, ಗೋಲ್ ಆದರೆ ಒಬ್ಬಳೇ ಕಿರುಚಿ, ಮನೆಯವರೆಲ್ಲರ ಕೈಲಿ ಬೈಸಿಕೊಳ್ಳುತ್ತಿದ್ದೆ. ಜೊತೆಗೆ ಕೂತು ನೋಡುವವರು ಒಬ್ಬರಾದರೂ ಬೇಕಲ್ಲ ಎಂದು ನಿಜಕ್ಕೂ ಸಂಕಟವಾಗುತ್ತಿತ್ತು.

ಈ ಸಲ ಅತ್ತೆಯನ್ನೇ ಹಿಡಿದೆ. ಅವರು ಈಳಿಗೆಮಣೆಯ ಮುಂದೆ ಕೂತಿದ್ದಾಗ ಈರುಳ್ಳಿಗಳನ್ನು ಆಟಗಾರರ ಹಾಗೆ ಜೋಡಿಸಿ, ಲಟ್ಟಣಿಗೆ ಹಿಡಿದು ಪೆನಾಲ್ಟಿ ಕಾರ್ನರ್ ವಿವರಿಸಿದೆ. ನನ್ನ ಪಾಂಡಿತ್ಯಕ್ಕೆ ನನಗೇ ರೋಮಾಂಚನ! ಅತ್ತೆ ಎಲ್ಲವನ್ನೂ ಕೇಳಿ, ನನ್ನ ಗೋಲ್‌ಕೀಪರನ್ನು ಎತ್ತಿಕೊಂಡು ಹೆಚ್ಚಿ ಒಗ್ಗರಣೆಗೆ ಹಾಕಿದರು.

ಮರುದಿನ ಸಂಜೆ ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಚಾನೆಲ್ ಬದಲಿಸಿದೆ. ಪರದೆ ತುಂಬ, ಮೈಗೆಲ್ಲ ದಪ್ಪ ಪ್ಯಾಡ್ ಕಟ್ಟಿಕೊಂಡ ಗೋಲ್‌ಕೀಪರ್.

"ಅಯ್ಯೋ, ಈ ಮಗೀಗೆ ಯಾಕವ್ವ ಇಷ್ಟೊಂದ್ ಆಸ್ಗೆ ಸುತ್ತವ್ರೆ? ಸೆಕೆಯಾಗಾಕಿಲ್ವಾ? ಯಾರ ಮಗ? ಯಾವೂರು?" ಎಂದರು ಅತ್ತೆ.

ಅವನು ಎಂತೆಂಥ ಗೋಲು ತಡೆದಿದ್ದಾನೆ ಎಂದು ನಾನು ಶುರು ಮಾಡಿದೆ.

"ಅದ್ಯಾರಿಗ್ ಬೇಕು, ಬುಡು. ಅವ್ರಪ್ಪ ಏನ್ ಮಾಡ್ತಾನೆ?"

ಬಸ್ಸಿನಲ್ಲಿ ಪಕ್ಕ ಕೂತವರನ್ನೂ ನಮ್ಮ ಕಡೆ ಮೊದಲು ಕೇಳುವುದು ಇದನ್ನೇ. ಇಷ್ಟು ವರ್ಷ ಇಲ್ಲಿ ಬಾಳಿಯೂ ನನ್ನ ದಡ್ಡ ತಲೆಗೆ ಇದು ಹೊಳೆದಿರಲಿಲ್ಲ. ಮೊಬೈಲಿನಲ್ಲಿ ಹುಡುಕಿ, "ಭತ್ತ ಬೆಳೀತಾರಂತೆ, ಅತ್ತೆ" ಎಂದೆ.

"ಅಂಗಾ? ನಾಟಿ ಆಯ್ತಂತಾ ಅವರ್ದು?"

ಆ ಸಂಜೆ ಧಾರಾವಾಹಿಯ ಸುದ್ದಿಯನ್ನೇ ಅವರು ಎತ್ತಲಿಲ್ಲ.

ಫೈನಲ್ ದಿನ ಬೀದಿಯ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿದ್ದರು. ಅತ್ತೆ ಎಲ್ಲರಿಗೂ "ಇವ್ನೇ ಕಣ್ರವ್ವ, ಭತ್ತದೋರ ಮಗ" ಎಂದು ತೋರಿಸುತ್ತಿದ್ದರು. ನಾನು ಗೆದ್ದೆ ಎಂದು ಬೀಗಿ ಮುಂದೆಯೇ ಕೂತೆ. ಆಟ ಸಮವಾಗಿ ಶೂಟೌಟಿಗೆ ಹೋಯಿತು. ಆಗ ಅತ್ತೆ ನನ್ನ ಭುಜ ತಟ್ಟಿದರು.

"ನಿಂಗೆ ಎಲ್ಲಾ ಗೊತ್ತಿರೋ ಆಟ ತಾನೆ? ನೀನೋಗಿ ಕಾಫಿ ಕಾಯ್ಸವ್ವ. ಇವ್ರು ಒಸಬ್ರು, ನೋಡ್ಲಿ."

ಹಾಲು ಉಕ್ಕುವುದಕ್ಕೂ ನಡುಮನೆಯಲ್ಲಿ ಚೀರಾಟ ಏಳುವುದಕ್ಕೂ ಸರಿಹೋಯಿತು. ಒಲೆ ಆರಿಸಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ತಡೆದ್‌ಬುಟ್ಟ ಕಣವ್ವ!" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಹೊಟ್ಟೆ ಉರಿದುಹೋಯಿತು.

ಎಲ್ಲರೂ ಹೋದ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. "ನೀ ನೋಡ್ನಿಲ್ಲ, ಪಾಪ. ಬಾ, ತೋರುಸ್ತೀನಿ" ಎಂದು ಈರುಳ್ಳಿ ಜೋಡಿಸಿ, ಲಟ್ಟಣಿಗೆ ಹಿಡಿದು ವಿವರಿಸಿದರು. ಎಲ್ಲವೂ ತಪ್ಪು. ನಾನು ಬಾಯಿ ಮುಚ್ಚಿಕೊಂಡು ಅವರ ಪಕ್ಕದಲ್ಲೇ ಕೂತು ಕೇಳಿದೆ. ಆಮೇಲೆ ಸಾರಿಗೆಂದು ಗೋಲ್‌ಕೀಪರ್ ಈರುಳ್ಳಿಗೆ ಕೈಹಾಕಿದರೆ, ಅತ್ತೆ ನನ್ನ ಕೈಮೇಲೆ ಪಟ್ಟನೆ ಹೊಡೆದರು.

"ಅದ್ನ ಬುಟ್ಟು ಬೇರೇದ್ ತಗಾ."