ಕೆಂಪಂಚಿನ ಏಪ್ರನ್

ಮೊನ್ನೆ ಕಪಾಟಿನ ತಳ ಗುಡಿಸುವಾಗ ಒಂದು ಬಟ್ಟೆಗಂಟು ಕೈಗೆ ಬಂತು. ಬಿಚ್ಚಿದ ಕೂಡಲೇ ನುಸಿಗುಳಿಗೆಯ ಘಾಟು, ಅದರ ಹಿಂದೆಯೇ ಹಳೆಯ ಗಂಜಿಯ ವಾಸನೆ... ಮೇಲೇ ಇತ್ತು ನನ್ನ ಏಪ್ರನ್. ಪೊರಕೆ ಬಿಟ್ಟು ಅಲ್ಲೇ ಕೂತುಬಿಟ್ಟೆ.

ಅರವತ್ತರ ದಶಕ. ಜಯನಗರದಲ್ಲಿ ನಮ್ಮ ಮನೆಗೂ ಪಕ್ಕದ ಮನೆ ಮಾಮಿಯ ಮನೆಗೂ ನಡುವೆ ಒಂದು ಮೋಟು ಕಾಂಪೌಂಡು. ಆಚೆಗೆಲ್ಲ ಖಾಲಿ ಸೈಟು. ಭಾನುವಾರ ಗಣೇಶನ ಹಬ್ಬ, ಸೋಮವಾರ ನನಗೆ ಸ್ಕೂಲಿನಲ್ಲಿ ಅಡುಗೆ ಪರೀಕ್ಷೆ. ಏಪ್ರನ್ ಇಲ್ಲದವರು ಒಳಗೆ ಕಾಲಿಡಕೂಡದೆಂದು ಟೀಚರ್ ಹೇಳಿದ್ದರು. "ಹಬ್ಬದ ಹೊತ್ತಲ್ಲಿ ತಲೆ ತಿನ್ಬೇಡ" ಎಂದು ಅಮ್ಮ ಅಟ್ಟಿದಳು. ಶನಿವಾರ ಮಧ್ಯಾಹ್ನ ಮೂಗೊರೆಸುತ್ತಾ ಮಾಮಿಯ ಮುಂದೆ ನಿಂತೆ.

"ಅಡುಗೆ ಮಾಡೋಕೂ ಒಂದು ಅಂಗೀನಾ? ಸೆರಗು ಇರೋದು ಮತ್ತ್ಯಾಕೆ?" ಎಂದು ಮಾಮಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕವರೇ ಕೈಮಿಷನ್ನಿನ ಮುಚ್ಚಳ ತೆಗೆದರು.

ಮಾಮಿಗೆ ಕಣ್ಣು ಮಂಜು, ಕನ್ನಡಕ ಹಾಕಲು ಬಿಂಕ. ಮಾಮನ ಮಡಿಬಟ್ಟೆ ಒಣಗುವ ಗಳು ಸೂರಿನ ಹತ್ತಿರ ಇತ್ತು. ಅಲ್ಲಿ ಎರಡು ಪಂಚೆ. ಒಂದು ಹರಿದದ್ದು, ಇನ್ನೊಂದು ಹಬ್ಬಕ್ಕೆಂದು ತಂದು ಒಮ್ಮೆ ನೀರಿಗೆ ಹಾಕಿದ್ದ ಹೊಸದು. ಹರಿದದ್ದೆಂದುಕೊಂಡು ಮಾಮಿ ಕೋಲಿನಿಂದ ಎಳೆದದ್ದು ಹೊಸದನ್ನು. ನನಗೆ ಆಗಲೇ ಗೊತ್ತಾಯಿತು. ಆದರೆ ಆ ಕೆಂಪಂಚು ಎಷ್ಟು ಚೆನ್ನಾಗಿತ್ತೆಂದರೆ... ಬಾಯಿ ಬಿಡಲಿಲ್ಲ.

"ಇನ್ನೂ ಗಟ್ಟಿಯಾಗೇ ಇದೆ ಕಣೆ" ಎನ್ನುತ್ತಾ ಮಾಮಿ ಕತ್ತರಿ ಆಡಿಸಿಬಿಟ್ಟರು. ಕಂಕುಳ ಹತ್ತಿರ ಎರಡು ಕಮಾನು ಕತ್ತರಿಸಿ, ಸುತ್ತ ಅಂಚು ಮಡಿಸಿ ಹೊಲಿದರು. ಜೇಬಿಗೆ ಗಿಳಿ ಕಸೂತಿಯ ಹಳೇ ದಿಂಬಿನ ಗವಸು, ಕಟ್ಟಿಕೊಳ್ಳಲು ಲಂಗದ ಲಾಡಿ. ಮಿಷನ್ನಿನ ಹಿಡಿ ತಿರುಗಿಸುವ ಕೆಲಸ ನನ್ನದು. ಎಷ್ಟು ಖುಷಿಯಾಗಿತ್ತೋ ಅಷ್ಟೇ ಹೆದರಿಕೆ.

ಹಬ್ಬದ ಬೆಳಿಗ್ಗೆ ಮಾಮನ ದನಿ ಕಾಂಪೌಂಡು ದಾಟಿ ಬಂತು: "ಎಲ್ಲೇ ನನ್ನ ಹೊಸ ಪಂಚೆ?" ಆಮೇಲೆ ಮಾಮಿಯ ದನಿ: "ನಂದೇ ತಪ್ಪು, ಕಣ್ಣು ಕಾಣಿಸ್ಲಿಲ್ಲ."

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಏಪ್ರನ್ ಹಿಡಿದುಕೊಂಡು ಓಡಿದೆ. ಮಾಮ ಒದ್ದೆ ಟವೆಲ್ಲಿನಲ್ಲಿ ನಡುಗುತ್ತಾ ನಿಂತಿದ್ದರು. "ಮಾಮಾ, ಅದು ಹೊಸದು ಅಂತ ನಂಗೊತ್ತಿತ್ತು. ನಾನೇ ಮಾಮಿಗೆ ಹೇಳ್ಲಿಲ್ಲ."

ಮಾಮ ನನ್ನನ್ನೂ ಬಟ್ಟೆಯನ್ನೂ ನೋಡಿದರು. "ದೂರ ನಿಂತ್ಕೋ, ನಾನು ಮಡಿ. ಎಲ್ಲಿ, ಹಾಕ್ಕೊಂಡು ತೋರ್ಸು." ಕಟ್ಟಿಕೊಂಡು ಒಂದು ಸುತ್ತು ತಿರುಗಿದೆ. "ನನಗಿಂತ ನಿನಗೇ ಒಪ್ಪುತ್ತೆ. ನಾಳೆ ಮಾಡಿದ್ರಲ್ಲಿ ನಂಗೊಂದು ಪಾಲಿರ್ಲಿ."

ಅವತ್ತು ಗಣೇಶನಿಗೆ ಹರಕು ಪಂಚೆಯಲ್ಲೇ ಪೂಜೆ. ಮಾಮ ಅಡ್ಡಬಿದ್ದಾಗಲೆಲ್ಲ ಹಿಂದಿನ ತೂತು ಕಾಣುತ್ತಿತ್ತು, ಮಾಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಸೋಮವಾರ ನಾನು ತಂದುಕೊಟ್ಟ ಉಪ್ಪಿಟ್ಟು ಬರೀ ಉಪ್ಪು. ಮಾಮ ಒಂದು ಕಾಳೂ ಬಿಡದೆ ತಿಂದರು.

ಎಷ್ಟೋ ವರ್ಷಗಳ ಮೇಲೆ ಮಾಮಿ ಹೋದರು. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ಮಾಮ ನನ್ನನ್ನು ಕರೆದು ಮಡಿಸಿದ ಒಂದು ಬಟ್ಟೆ ಕೈಗಿಟ್ಟರು. ಪಂಚೆಯ ಉಳಿದರ್ಧ! ಅದೇ ಕಮಾನು, ಅದೇ ಲಾಡಿ, ಇನ್ನೊಂದು ಏಪ್ರನ್. ಸೊಂಟದ ಎರಡೂ ಕಡೆ ಅರಿಶಿನದ ಬೆರಳ ಗುರುತು.

"ಅಡುಗೆಮನೆ ಬಾಗಿಲು ಹಾಕ್ಕೊಂಡು ಕಟ್ಕೋತಿದ್ಲು. ನಿಂಗೆ ಗೊತ್ತಾದ್ರೆ ಆಡ್ಕೋತೀಯ ಅಂತ ನಾಚಿಕೆ ಅವಳಿಗೆ" ಎಂದರು ಮಾಮ. ಇಬ್ಬರೂ ನಗಲು ಹೋಗಿ ಅತ್ತೆವು.

ಈಗ ಮಾಮನೂ ಇಲ್ಲ, ಆ ಮನೆಯೂ ಇಲ್ಲ. ಗಂಟಿನಲ್ಲಿ ನನ್ನದರ ಕೆಳಗೆ ಮಾಮಿಯ ಏಪ್ರನ್ ಹಾಗೇ ಇತ್ತು. ಇವತ್ತು ಅದನ್ನೇ ಕಟ್ಟಿಕೊಂಡು ಉಪ್ಪಿಟ್ಟು ಮಾಡೋಣವೆಂದುಕೊಂಡೆ. ಮಾಮಿ ಕಡ್ಡಿಯಂತಿದ್ದವರು, ಲಾಡಿ ನನ್ನ ಸೊಂಟ ಸುತ್ತಿ ಬರಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು ನಗುವುದಕ್ಕೆ ಮಾಮಿ ಇರಬೇಕಿತ್ತು.